ಚೀಲದಲ್ಲಿ ಸುತ್ತಿದ ಬೇರು



ಜುಲೈ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ವನಮಹೋತ್ಸವದ ಸಂಭ್ರಮ. ಭಾಷಣ, ಛಾಯಾಚಿತ್ರ, ಒಂದು ತಂಬಿಗೆ ನೀರು. ಮರುವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ ನೆಟ್ಟದ್ದನ್ನು ಕಂಡಿದ್ದೇನೆ. ನೆಟ್ಟವರಲ್ಲಿ ನಾನೂ ಒಬ್ಬ. ಕಾರಣ ಕೇಳಿದರೆ ಸಿದ್ಧ ಉತ್ತರ: ಮಳೆ ಬರಲಿಲ್ಲ, ಆಡು ತಿಂದಿತು. ಎರಡೂ ನಿಜವಿರಬಹುದು. ಆದರೆ ಬೇರನ್ನು ನೋಡಿದವರು ಯಾರು?

ಒಂದು ಬೇಸಿಗೆಯಲ್ಲಿ ಒಣಗಿದ ಹೊಂಗೆಯ ಸಸಿಯನ್ನು ಕಿತ್ತು ನೋಡಿದೆ. ವರ್ಷ ಕಳೆದಿದ್ದರೂ ಬೇರು ಸಿಂಬೆಯಂತೆ ಸುತ್ತಿಕೊಂಡೇ ಇತ್ತು. ಸಸಿ ನೆಲಕ್ಕಿಳಿದಿತ್ತು, ಬೇರು ಇನ್ನೂ ಪಾಲಿಥಿನ್ ಚೀಲದ ಆಕಾರದಲ್ಲಿಯೇ ಉಳಿದಿತ್ತು!

ಇದರಲ್ಲಿ ಬೇರಿನ ತಪ್ಪಿಲ್ಲ. 1880ರಲ್ಲಿಯೇ ಚಾರ್ಲ್ಸ್ ಡಾರ್ವಿನ್ನರು ಮಗ ಫ್ರಾನ್ಸಿಸ್‌ನೊಡನೆ ಬರೆದ ಗ್ರಂಥದಲ್ಲಿ, ಬೇರಿನ ತುದಿಯನ್ನು ಕೆಳವರ್ಗದ ಪ್ರಾಣಿಗಳ ಮಿದುಳಿಗೆ ಹೋಲಿಸಿದ್ದರು. ಗುರುತ್ವವನ್ನು ಅರಿಯುವುದು ತುದಿ. ಬಾಗುವುದು ಅದರ ಹಿಂದಿನ ಭಾಗ. ಆಕ್ಸಿನ್ ಎಂಬ ರಸಾಯನಿಕವು ಕೆಳಬದಿಯಲ್ಲಿ ಹೆಚ್ಚಾಗಿ ಸೇರಿ ಅಲ್ಲಿನ ಬೆಳವಣಿಗೆಯನ್ನು ತಡೆಯುತ್ತದೆ. ಮೇಲ್ಬದಿ ಬೆಳೆಯುತ್ತದೆ, ಬೇರು ಕೆಳಕ್ಕೆ ಬಾಗುತ್ತದೆ. ಕಲ್ಲು ತಾಗಿದರೆ ಪಕ್ಕಕ್ಕೆ ಸರಿದು ದಾರಿ ಹುಡುಕುತ್ತದೆ. ಚೀಲದ ನುಣುಪು ಗೋಡೆಯಲ್ಲಿ ದಾರಿಯೇ ಇಲ್ಲವಾದಾಗ ಸುತ್ತದೆ ಇನ್ನೇನು ಮಾಡೀತು? ಸುತ್ತಿದ ಬೇರು ಬಲಿತ ಮೇಲೆ ನೇರವಾಗದು.

ನಾವು ಶಾಲೆಯಲ್ಲಿ ಕಲಿಸಿದ್ದೇನು? "ಬೇರು ಭೂಮಿಯ ಕಡೆಗೆ, ಕಾಂಡ ಬೆಳಕಿನ ಕಡೆಗೆ." ಎರಡು ಅಂಕ! ಜರಡಿಯಲ್ಲಿ ಒದ್ದೆ ಮರದ ಹೊಟ್ಟು ಹಾಕಿ, ಕಾಳು ಬಿತ್ತಿ, ಓರೆಯಾಗಿ ತೂಗುಹಾಕಿದ್ದರೆ ಸಾಕಿತ್ತು. ರಂಧ್ರದಿಂದ ಕೆಳಗಿಳಿದ ಬೇರು ತೇವವನ್ನರಸಿ ಮತ್ತೆ ಜರಡಿಯತ್ತ ಬಾಗುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಸಾಕ್ಸ್ ಮಾಡಿದ ಪ್ರಯೋಗವಿದು. ನಾನು ಮಾಡಿಸಲಿಲ್ಲ, ಆ ಅಪರಾಧ ನನ್ನದು.

ಚೀಲವಿಲ್ಲದೆ ಸಾವಿರಾರು ಸಸಿ ಬೆಳೆಸುವುದು ಹೇಗೆಂದು ಕೇಳುವವರಿದ್ದಾರೆ. ಚೀಲವನ್ನು ನಿಷೇಧಿಸಿರೆಂದು ನಾನು ಹೇಳುತ್ತಿಲ್ಲ. ಬೇರು ಸುತ್ತುವ ಮೊದಲೇ ಸಸಿಯನ್ನು ನೆಡಿ. ಸುತ್ತಿದ್ದರೆ ಹರಿತವಾದ ಚಾಕುವಿನಿಂದ ಸುರುಳಿಯನ್ನು ಕತ್ತರಿಸಿ. ಒಳಗೆ ಉದ್ದುದ್ದ ಏಣುಗಳಿದ್ದು ಬೇರನ್ನು ಕೆಳಮುಖವಾಗಿ ನಡೆಸುವ ರೂಟ್ ಟ್ರೇನರ್‌ಗಳನ್ನು ಬಳಸಿ.

ಭದ್ರಾ ನಾಲೆಯ ನೀರುಂಡ ನೆಲದಲ್ಲಿ ಆಳಕ್ಕಿಳಿಯದ ಬೇರೂ ಹೇಗೋ ಬದುಕೀತು. ಜಗಳೂರಿನ ಒಣ ನೆಲದಲ್ಲಿ ಬದುಕದು. ಅಲ್ಲಿ ಮಳೆ ಬಿದ್ದೊಡನೆ ಹೊಂಗೆ, ಹುಣಸೆ, ಬೇವುಗಳ ಬೀಜವನ್ನೇ ಬಿತ್ತಿ, ಮುಳ್ಳಿನ ಬೇಲಿ ಕಟ್ಟಿ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣು ಉದುರಿದೊಡನೆ ಬಿತ್ತಬೇಕು. ಕೊಂಡುಕುರಿಗಳಿರುವ ರಂಗಯ್ಯನದುರ್ಗದ ಕಾಡು ಯಾವ ಚೀಲದಿಂದ ಹುಟ್ಟಿತು?

ಮುಂದಿನ ಜುಲೈನಲ್ಲಿ ನಿಮ್ಮ ಕೈಗೆ ಸಸಿ ಕೊಟ್ಟರೆ, ಛಾಯಾಚಿತ್ರಕ್ಕೆ ನಿಲ್ಲುವ ಮುನ್ನ ಚೀಲ ಹರಿದು ಬೇರನ್ನು ನೋಡಿ. ನಿಮ್ಮ ಹಳೆಯ ಮೇಷ್ಟರು ಕೇಳುವ ಗುರುದಕ್ಷಿಣೆ ಇಷ್ಟೇ.