ಅಕ್ಷರ ಓದದ ಬೇಹುಗಾರರು

ಮೆಚ್ಚಿದವನಿಗಲ್ಲದೆ ದೂರುವ ಹಕ್ಕು ಇನ್ನಾರಿಗಿದೆ? ಅಮೆರಿಕದ ಗೂಢಚಾರ ಧಾರಾವಾಹಿ ‘ಹೋಮ್‌ಲ್ಯಾಂಡ್’ನ ಎಂಟು ಸೀಸನ್ನುಗಳ 96 ಕಂತುಗಳನ್ನೂ ಬಿಡದೆ ನೋಡಿದವನು ನಾನು. ಆದ್ದರಿಂದಲೇ ಈ ದೂರು.

2011ರಲ್ಲಿ ಮೊದಲಾದ ಈ ಧಾರಾವಾಹಿಗೆ ಮೂಲ ‘ಹತೂಫಿಮ್’ ಎಂಬ ಇಸ್ರೇಲಿನ ಕಥೆ. ಎಂಟು ವರ್ಷ ಶತ್ರುಗಳ ಸೆರೆಯಲ್ಲಿದ್ದು ಮರಳಿದ ಯೋಧ ನಿಕೋಲಸ್ ಬ್ರೋಡಿಯನ್ನು ದೇಶವೆಲ್ಲ ವೀರನೆಂದು ಎದುರುಗೊಳ್ಳುತ್ತದೆ. ಸಿ.ಐ.ಎ.ಯ ಕ್ಯಾರಿ ಮ್ಯಾಥಿಸನ್ ಒಬ್ಬಳಿಗೆ ಮಾತ್ರ ಸಂಶಯ: ಈತ ಶತ್ರುವಿನ ಕಡೆಗೆ ತಿರುಗಿಬಿಟ್ಟಿಲ್ಲವಷ್ಟೆ? ಅವಳಿಗೋ ಬೈಪೋಲಾರ್ ಎಂಬ ಮನೋರೋಗ. ಅವಳು ಕಂಡದ್ದು ನಿಜವೋ ಭ್ರಮೆಯೋ ಅವಳಿಗೂ ತಿಳಿಯದು, ನಮಗೂ ತಿಳಿಯದು.

ಕದ್ದಿಟ್ಟ ಕ್ಯಾಮೆರಾಗಳ ಮೂಲಕ ಅವಳು ಅವನ ಮನೆಯನ್ನು ಹಗಲಿರುಳು ನೋಡುತ್ತಾಳೆ. ಮುಂದೊಂದು ದಿನ ಅವನೊಡನೆ ಮಾತನಾಡುತ್ತಿರುವಾಗ, ಅವನಿಗೆ ಇಷ್ಟವಾದ ಚಹಾದ ಹೆಸರು ಅವಳ ಬಾಯಿಂದ ಜಾರಿಬೀಳುತ್ತದೆ. ಅಷ್ಟಕ್ಕೇ ಅವನಿಗೆ ಎಲ್ಲವೂ ತಿಳಿದುಹೋಗುತ್ತದೆ. ಗುಂಡಿಲ್ಲ, ಸಿಡಿಮದ್ದಿಲ್ಲ, ಬರಿಯ ಚಹಾದ ಹೆಸರು. ಆ ರಾತ್ರಿ ನಮ್ಮ ಮನೆಯಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ. 2012ರಲ್ಲಿ ಅತ್ಯುತ್ತಮ ನಾಟಕ ಸರಣಿಗೆ ಸಲ್ಲುವ ಎಮ್ಮಿ ಪ್ರಶಸ್ತಿ ಅದಕ್ಕೆ ಬಂದಾಗ, ನನಗೇ ಬಂದಷ್ಟು ಹಿಗ್ಗಿದೆ.

ಹಿಗ್ಗು ಹೆಚ್ಚು ದಿನ ಬಾಳಲಿಲ್ಲ. ಎರಡನೆಯ ಸೀಸನ್ನಿನಲ್ಲಿ ದೇಶದ ಉಪಾಧ್ಯಕ್ಷನ ಎದೆಯೊಳಗಿನ ಪೇಸ್‌ಮೇಕರನ್ನು ದೂರದಿಂದಲೇ ಕೆಡಿಸಿ ಅವನನ್ನು ಕೊಲ್ಲಲಾಯಿತು. ಇದು ಆಗುವ ಮಾತೇ ಎಂದು ನಾನು ಜಗಳಕ್ಕೆ ನಿಲ್ಲುವುದಿಲ್ಲ. ಹಿಂದೆ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿಯವರೇ, ಇಂಥದೇ ಭಯದಿಂದ 2007ರಲ್ಲಿ ತಮ್ಮ ಎದೆಯ ಯಂತ್ರದ ನಿಸ್ತಂತು ಸಂಪರ್ಕವನ್ನು ನಿಲ್ಲಿಸಿದ್ದನ್ನು 2013ರಲ್ಲಿ ಹೇಳಿದರು. ನನ್ನ ಜಗಳ ಬೇರೆ. ‘ಈ ಮನುಷ್ಯ ಯಾರು?’ ಎಂದು ಕೇಳುತ್ತಿದ್ದ ಕಥೆ ‘ಇನ್ನು ಮುಂದೆ ಏನು ಸಿಡಿಯುತ್ತದೆ?’ ಎಂದು ಕೇಳತೊಡಗಿತು.

ಮೂರನೆಯ ಸೀಸನ್ನಿನಲ್ಲಿ ವಂಚನೆ ನಮ್ಮ ಮೇಲೆಯೇ ನಡೆಯಿತು. ಗುರು ಸಾಲ್ ಕೈಬಿಟ್ಟನೆಂದು ಕ್ಯಾರಿ ಮನೋರೋಗಿಗಳ ಆಸ್ಪತ್ರೆಯಲ್ಲಿ ನರಳುವುದನ್ನು ಕಂಡು ನಾವು ಮರುಗಿದೆವು. ನಾಲ್ಕನೆಯ ಕಂತಿನ ಕೊನೆಗೆ ತಿಳಿದುದೇನು? ಎಲ್ಲವೂ ಅವರಿಬ್ಬರು ಕೂಡಿ ಹೂಡಿದ ಆಟ! ಮೊದಲು ನಾವು ಅವಳ ಸಂಶಯದಲ್ಲಿ ಪಾಲುಗಾರರಾಗಿದ್ದೆವು. ಈಗ ಬರಿಯ ಮೋಸಹೋದವರು.

ಇದೆಲ್ಲವನ್ನೂ ಮನ್ನಿಸಬಹುದಿತ್ತು. 2015ರ ಐದನೆಯ ಸೀಸನ್ನಿನ ಪ್ರಸಂಗವನ್ನು ಮಾತ್ರ ಮನ್ನಿಸಲಾರೆ. ಬರ್ಲಿನ್ನಿನಲ್ಲಿ ಸಿರಿಯಾ ನಿರಾಶ್ರಿತರ ಶಿಬಿರದ ಸೆಟ್ಟು ಹಾಕಿ, ನಿಜದಂತೆ ಕಾಣಲೆಂದು ಗೋಡೆಗಳ ಮೇಲೆ ಅರಬ್ಬಿಯಲ್ಲಿ ಬರೆಯಲು ಕಲಾವಿದರನ್ನು ಕರೆಸಿದರು. ಅವರು ಬರೆದದ್ದು, ಈ ಧಾರಾವಾಹಿಯೇ ಜನಾಂಗದ್ವೇಷಿ ಎಂದು! ಚಿತ್ರೀಕರಣವಾಯಿತು, ಪ್ರಸಾರವೂ ಆಯಿತು; ಏನು ಬರೆದಿದೆಯೆಂದು ಯಾರೂ ಓದಿ ನೋಡಿರಲಿಲ್ಲ. ಅರಬ್ಬರ ಮೇಲೆ ಕಣ್ಣಿಡುವ ಬೇಹುಗಾರರ ಕಥೆಯನ್ನು ನಾಲ್ಕು ವರ್ಷ ಹೇಳಿದವರಿಗೆ ಅರಬ್ಬರ ಅಕ್ಷರ ಬರಿಯ ಗೋಡೆಯ ಅಲಂಕಾರವಾಗಿತ್ತು.

‘ಕಥೆಯಷ್ಟೆ, ಇಷ್ಟು ಸಿಟ್ಟೇಕೆ?’ ಎನ್ನುವವರಿದ್ದಾರೆ. ಕಥೆಯೇ ಹೌದು. ಆದರೆ ಒಬ್ಬ ಮನುಷ್ಯನನ್ನು ಸಂಶಯಿಸಬೇಕಾದರೆ ಅವನನ್ನು ಹತ್ತಿರದಿಂದ ನೋಡಬೇಕು. ಅವನು ಕುಡಿಯುವ ಚಹಾ ಯಾವುದೆಂಬುದೂ ತಿಳಿದಿರಬೇಕು. ನೋಡುವ ಶ್ರಮ ಬಿಟ್ಟೊಡನೆ ಸಂಶಯವು ಒಬ್ಬನನ್ನು ಬಿಟ್ಟು ಇಡೀ ಜನಾಂಗದ ಮೇಲೆ ಹರಡುತ್ತದೆ. ಅದಕ್ಕೆ ಓದು ಬೇಡ, ಭಾಷೆ ಬೇಡ, ಗೋಡೆಯೊಂದಿದ್ದರೆ ಸಾಕು.

ನ್ಯಾಯಕ್ಕಾಗಿ ಒಂದು ಮಾತು ಹೇಳಬೇಕು. 2020ರ ಕೊನೆಯ ಕಂತಿನಲ್ಲಿ ದೇಶದ್ರೋಹಿ ಎನಿಸಿಕೊಂಡು ಮಾಸ್ಕೋದಲ್ಲಿರುವ ಕ್ಯಾರಿ, ತಾನು ಬರೆದ ಪುಸ್ತಕದ ಬೆನ್ನುಪಟ್ಟಿಯೊಳಗೆ ಚೀಟಿಯೊಂದನ್ನು ಅಡಗಿಸಿ ಸಾಲ್‌ಗೆ ಮುಟ್ಟಿಸುತ್ತಾಳೆ. ಸದ್ದಿಲ್ಲ, ಸಿಡಿತವಿಲ್ಲ. ಅದೇ ಹಳೆಯ ಸೊಗಸು! ಅದನ್ನು ಕಂಡು ಸಂತೋಷಪಟ್ಟೆ. ಮರುಗಳಿಗೆಯೇ ಸಿಟ್ಟೂ ಬಂತು. ಬಾರದ ವಿದ್ಯೆಯಲ್ಲವಲ್ಲ! ಬಲ್ಲವರೇ ಅದನ್ನು ಇಷ್ಟು ವರ್ಷ ಮೂಲೆಗಿಟ್ಟಿದ್ದರು.