ಗಿಟಾರ್ ಆಮೇಲೆ, ಮೊದಲು ಬಾಕ್ಸು!

“ಸಾರ್, ಚೀಟಿ ದುಡ್ಡು ಕೈಗೆ ಬಂದಿದೆ. ಕೆಂಪು ಬಣ್ಣದ ಬೇಸ್ ಗಿಟಾರ್ ಒಂದನ್ನು ನೋಡಿಟ್ಟಿದ್ದೀನಿ. ಅಷ್ಟೂ ಹಾಕಿ ತಗೊಂಡ್ಬಿಡ್ಲಾ?”

ಮಂಡ್ಯದ ಕಡೆಯ ತಮ್ಮನೊಬ್ಬ ಕೇಳಿದ್ದಾನೆ. ಐದು ಜನ ಹುಡುಗರು ಸೇರಿ ಆರ್ಕೆಸ್ಟ್ರಾ ಕಟ್ಟಿದ್ದಾರಂತೆ. ಗಣೇಶನ ಹಬ್ಬಕ್ಕೆ ಮೊದಲ ಪ್ರೋಗ್ರಾಂ ಅಂತೆ. ಭೇಷ್! ಕೀಬೋರ್ಡಿನವನ ಎಡಗೈಯಲ್ಲೋ, ಪೆನ್‌ಡ್ರೈವಿನ ಟ್ರ್ಯಾಕಿನಲ್ಲೋ ಬೇಸ್ ಮುಗಿಸಿಬಿಡುವ ಈ ಕಾಲದಲ್ಲಿ, ನಾಲ್ಕು ತಂತಿ ಹಿಡಿದು ನಿಲ್ಲುತ್ತೀನಿ ಅನ್ನುವವನನ್ನು ಕಂಡರೆ ನನಗೆ ಹೊಟ್ಟೆ ತುಂಬಿದಷ್ಟು ಸಂತೋಷ. ಆದರೆ ತಮ್ಮಾ, ಅಷ್ಟನ್ನೂ ಗಿಟಾರಿಗೆ ಸುರಿಯಬೇಡ. ಅರ್ಧ ಗಿಟಾರಿಗೆ, ಇನ್ನರ್ಧ ಬಾಕ್ಸಿಗೂ ವೈರಿಗೂ. ಯಾಕೆ ಅಂತೀಯಾ? ಹೇಳ್ತೀನಿ ಕೇಳು.

1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಬಂತಲ್ಲ, ಅದನ್ನು ನಾನು ನೋಡಿದ್ದು ನಮ್ಮೂರಿನ ಟೂರಿಂಗ್ ಟಾಕೀಸಿನಲ್ಲಿ. ಮರಳಿನ ಮೇಲೆ ಕೂತು ಶಿಳ್ಳೆ ಹೊಡೆದು ಬಂದೆ. ಕೆಲವು ತಿಂಗಳಾದ ಮೇಲೆ ಪೇಟೆಯ ನೆಂಟರ ಮನೆಯಲ್ಲಿ ದೊಡ್ಡ ಸ್ಪೀಕರಿನ ಟೇಪ್‌ರೆಕಾರ್ಡರಿನಲ್ಲಿ ಅದೇ ಹಾಡುಗಳನ್ನು ಕೇಳಿದೆ ನೋಡಿ, ದಂಗಾಗಿಹೋದೆ! ಹಾಡಿನ ಅಡಿಯಲ್ಲಿ ಇನ್ನೊಂದು ಹಾಡು ಓಡುತ್ತಿತ್ತು. ಇಳಯರಾಜ ಅವರ ಬೇಸ್ ಗಿಟಾರ್! ಟೆಂಟಿನಲ್ಲಿ ಅದರ ಸುಳಿವೇ ಇರಲಿಲ್ಲ. ಅಲ್ಲಿನ ಹಾರನ್ನುಗಳಿಗೆ ಅಷ್ಟು ಕೆಳಗಿನ ನಾದ ಹೊರಡಿಸುವ ಶಕ್ತಿಯೇ ಇರಲಿಲ್ಲ. ಬೇಕಿದ್ದರೆ ನೀವೂ ಪರೀಕ್ಷೆ ಮಾಡಿ. ಆ ಹಾಡುಗಳನ್ನು ಮೊದಲು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ, ಆಮೇಲೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಮಾಮೂಲಿ ಗಿಟಾರಿನ ದಪ್ಪ ತಂತಿ ಇದಕ್ಕೆ ಎರಡರಷ್ಟು. ಅದುರು ಕಮ್ಮಿಯಾದಷ್ಟೂ ಸ್ಪೀಕರು ಹೆಚ್ಚು ಗಾಳಿಯನ್ನು ತಳ್ಳಬೇಕು. ಅದಕ್ಕೇ ಲೀಡ್ ಗಿಟಾರಿನವನಿಗೆ ಸಾಕಾಗುವ ಬಾಕ್ಸು ನಿನಗೆ ಸಾಲದು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ತಂದ ಮಹಾಶಯ. ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುತ್ತಿದ್ದವರ ಸೊಂಟ ಉಳಿಸಿದ ಪುಣ್ಯಾತ್ಮ! ಆತ ಕೂಡ ಬರೀ ಗಿಟಾರ್ ಮಾರಿ ಸುಮ್ಮನಾಗಲಿಲ್ಲ. ಮರುವರ್ಷ, 1952ರಲ್ಲಿ, ಅದಕ್ಕೆಂದೇ ‘ಬೇಸ್‌ಮ್ಯಾನ್’ ಎಂಬ ಆಂಪ್ಲಿಫೈಯರನ್ನೂ ತಂದ.

ನನಗೆ ಇದನ್ನೆಲ್ಲ ಹೇಳುವವರು ಆಗ ಯಾರಿದ್ದರು? ಸಾಲ ಮಾಡಿ ಗಿಟಾರ್ ಕೊಂಡೆ. ಲೀಡಿನವನ ಪುಟ್ಟ ಬಾಕ್ಸಿಗೇ ಸಿಕ್ಕಿಸಿದೆ. ಡ್ರಮ್ಮಿನ ಸದ್ದಿಗೆ ನನ್ನದು ಕೇಳಲಿಲ್ಲ ಅಂತ ವಾಲ್ಯೂಮ್ ತಿರುಗಿಸಿದೆ, ಮತ್ತೂ ತಿರುಗಿಸಿದೆ. ಮೂರನೇ ಹಾಡಿಗೆ ಸ್ಪೀಕರಿನ ಕಾಗದ ಪರ್‌ ಅಂತ ಹರಿಯಿತು. ಗಿಟಾರಿನ ಸಾಲದ ಮೇಲೆ ಅವನ ಸ್ಪೀಕರಿನ ಸಾಲ!

ಪ್ರಾಕ್ಟೀಸಿಗೆ, ಡ್ರಮ್ಸ್ ಜೊತೆಗೆ ನುಡಿಸೋದಾದರೆ, ಬೇಸಿಗೆಂದೇ ಮಾಡಿದ ನೂರು ವಾಟ್ ಆಸುಪಾಸಿನ ಬಾಕ್ಸು ನೋಡಿ. ಸೆಕೆಂಡ್ ಹ್ಯಾಂಡ್ ಆದರೂ ಚಿಂತೆಯಿಲ್ಲ. ಕೊಳ್ಳುವಾಗ ಹಿಂಭಾಗದಲ್ಲಿ ಡಿ.ಐ. ಎಂಬ ತೂತು ಇದೆಯೇ ನೋಡಿ. ಪ್ರೋಗ್ರಾಂ ದಿವಸ ಅಲ್ಲಿಂದಲೇ ಮೈಕ್‌ಸೆಟ್‌ನವರ ಮಿಕ್ಸರಿಗೆ ವೈರು ಹೋಗುತ್ತೆ. ಮೈದಾನಕ್ಕೆಲ್ಲ ಕೇಳಿಸುವ ಹೊಣೆ ಅವರ ದೊಡ್ಡ ಬಾಕ್ಸುಗಳದ್ದು, ನಿಮ್ಮ ಬಾಕ್ಸು ನಿಮ್ಮ ಕಿವಿಗೆ, ಡ್ರಮ್ಮಿನವನ ಕಿವಿಗೆ ಬಂದರೆ ಸಾಕು. ಆ ತೂತಿಲ್ಲದಿದ್ದರೆ ಅಂಗೈಯಗಲದ ಡಿ.ಐ. ಡಬ್ಬಿ ಪ್ರತ್ಯೇಕವಾಗಿ ಸಿಗುತ್ತದೆ.

ಇನ್ನು ಗಿಟಾರು. ಬಣ್ಣ ಆಮೇಲೆ ನೋಡು ತಮ್ಮಾ, ಮೊದಲು ಕತ್ತು ನೋಡು. ಕೋವಿಗೆ ಗುರಿ ಹಿಡಿದ ಹಾಗೆ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ದೃಷ್ಟಿ ಹಾಯಿಸು, ತಿರುಚಿಕೊಂಡಿದ್ದರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಎದ್ದು ಬಾ. ಸ್ವಲ್ಪ ಬಾಗಿದ್ದರೆ ಪರವಾಗಿಲ್ಲ. ಒಳಗಿರುವ ಕಬ್ಬಿಣದ ಸರಳನ್ನು ತಿರುಗಿಸಿ ಸರಿಮಾಡಬಹುದು. ಅದೂ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮಳೆಗಾಲದ ಶೀತಕ್ಕೆ, ಬಸ್ಸಿನ ಡಿಕ್ಕಿಯ ಸೆಕೆಗೆ ಕತ್ತು ಬಾಗುವುದು ಸಹಜ. ಡಿಕ್ಕಿಯಲ್ಲಿ ಅದರ ಮೇಲೆ ಈರುಳ್ಳಿ ಮೂಟೆ ಬಿದ್ದರೆ ಮಾತ್ರ ಯಾವ ಸರಳೂ ಕಾಪಾಡದು, ಬಿರಡೆ ಇರುವ ತಲೆಯೇ ಮುರಿಯುತ್ತೆ. ಕಂಡಕ್ಟರಿಗೆ ಲಗೇಜ್ ಟಿಕೆಟ್ ಕೊಟ್ಟಾದರೂ ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ.

ಬ್ಯಾಟರಿ ಹಾಕುವ ಗಿಟಾರಾದರೆ ಇನ್ನೊಂದು ತಮಾಷೆ. ವೈರು ಸಿಕ್ಕಿಸಿದ್ದಷ್ಟು ಹೊತ್ತೂ ಒಳಗಿನ 9 ವೋಲ್ಟ್ ಬ್ಯಾಟರಿ ಸುಡುತ್ತಲೇ ಇರುತ್ತದೆ, ನೀವು ನುಡಿಸಿದರೂ, ಬಿಟ್ಟು ಟೀಗೆ ಹೋದರೂ! ಎದ್ದಾಗಲೆಲ್ಲ ವೈರು ಕಿತ್ತಿಡಿ. ಜೇಬಿನಲ್ಲಿ ಒಂದು ಹೊಸ ಬ್ಯಾಟರಿ ಇರಲಿ.

ತಂತಿ ದುಬಾರಿ ಅಂತ ಎಲ್ಲರ ಗೋಳು. ನುಡಿಸಿದ ಮೇಲೆ ಒಣಬಟ್ಟೆಯಿಂದ ಬೆವರು ಒರೆಸಿದರೆ ಅರ್ಧ ಆಯುಷ್ಯ ಜಾಸ್ತಿ. ಸುರುಳಿ ತಂತಿ ಮಂಕಾದರೆ ಬಿಚ್ಚಿ, ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಚೆನ್ನಾಗಿ ಒಣಗಿಸಿ ಹಾಕಿದರೆ ಇನ್ನೊಂದೆರಡು ಪ್ರೋಗ್ರಾಂ ಎಳೆಯಬಹುದು. ಅಮ್ಮನ ಸಾರಿನ ಪಾತ್ರೆ ಮುಟ್ಟಬೇಡಿ, ನಾನು ಮುಟ್ಟಿ ಅನುಭವಿಸಿದ್ದೇನೆ. ಡೆಟ್ರಾಯಿಟಿನ ಜೇಮ್ಸ್ ಜೇಮರ್‌ಸನ್, ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಆ ಮಹಾನುಭಾವ, ತುಂಡಾಗದ ಹೊರತು ತಂತಿ ಬದಲಿಸುತ್ತಿರಲಿಲ್ಲ ಎಂದು ಪ್ರತೀತಿ. ಆದರೆ ಅವರದ್ದು ಚಪ್ಪಟೆ ಸುತ್ತಿನ ತಂತಿ, ಹಳತಾದಷ್ಟೂ ಗಂಭೀರ. ನಮ್ಮ ಹಳೇ ಹಾಡುಗಳಿಗೆ ಅದೇ ಒಪ್ಪುತ್ತೆ ಅನ್ನೋದು ನನ್ನ ಪಕ್ಷಪಾತ.

ಈಗ ನಗು ಬದಿಗಿಟ್ಟು ಒಂದು ಮಾತು.

ಒಂದು ಗಣೇಶನ ಹಬ್ಬದ ರಾತ್ರಿ. ಸಂಜೆ ಮಳೆ ಬಂದು ವೇದಿಕೆಯ ಹಲಗೆ ಒದ್ದೆ. ದೇವರ ಮುಂದೆ ಅಂತ ಚಪ್ಪಲಿ ಕೆಳಗೇ ಬಿಟ್ಟು ಹತ್ತಿದ್ದೆ. ಬಾಕ್ಸಿನಲ್ಲಿ ಒಂದೇ ಸಮನೆ ‘ಗುಂಯ್’ ಸದ್ದು. ಯಾರೋ ಹೇಳಿದ್ದು ನೆನಪಾಗಿ ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು, ಅಂದರೆ ಅರ್ಥಿಂಗ್ ಪಿನ್ನನ್ನು, ನಾನೇ ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದೆ. ಸದ್ದು ನಿಂತಿತು! ಎಂಥಾ ಜಾಣ ನಾನು! ಎರಡನೇ ಹಾಡಿಗೆ ಕೋರಸ್ ಹಾಡಲು ಮೈಕಿಗೆ ತುಟಿ ತಾಗಿಸಿದ್ದಷ್ಟೇ ಗೊತ್ತು.

ಬಾಕ್ಸಿನೊಳಗೆ ಎಲ್ಲೋ ಕರೆಂಟು ಸೋರುತ್ತಿತ್ತು. ಅರ್ಥಿಂಗ್ ಇದ್ದಿದ್ದರೆ ಅದು ನೆಲ ಸೇರುತ್ತಿತ್ತು. ದಾರಿ ಮುಚ್ಚಿದವನು ನಾನೇ. ಕರೆಂಟು ವೈರಿನ ಜಾಲರಿ ಹಿಡಿದು ಗಿಟಾರಿನ ತಂತಿಗೆ, ಅಲ್ಲಿಂದ ನನ್ನ ಕೈಗೆ, ಎದೆಗೆ, ತುಟಿಗೆ, ಮೈಕಿಗೆ. ಎಡಗೈ ಕತ್ತನ್ನು ಹಿಡಿದದ್ದು ಬಿಡಲಿಲ್ಲ. ನಾನು ನಡುಗುವುದನ್ನು ಕಂಡ ಜನ ಡ್ಯಾನ್ಸ್ ಅಂದುಕೊಂಡು ಶಿಳ್ಳೆ ಹೊಡೆದರು! ಡ್ರಮ್ಮಿನವನು ಹಾರಿ ಬಂದು ಪ್ಲಗ್ ಕಿತ್ತೆಸೆಯದಿದ್ದರೆ ಈ ಅಂಕಣ ಇನ್ಯಾರೋ ಬರೆಯಬೇಕಿತ್ತು. 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ‘ಸ್ಟೋನ್ ದಿ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆಗೆ ನನ್ನ ಅದೃಷ್ಟ ಇರಲಿಲ್ಲ. ಗಿಟಾರ್ ಹಿಡಿದು ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ, ವೇದಿಕೆಯ ಮೇಲೇ ಪ್ರಾಣ ಬಿಟ್ಟ. ಇಪ್ಪತ್ತೇಳು ವರ್ಷ.

ಅದಕ್ಕೇ ಹೇಳ್ತೀನಿ, ಪಿನ್ ಕತ್ತರಿಸಬೇಡ. ಗುಂಯ್ ಸದ್ದಿಗೆ ಡಿ.ಐ. ಡಬ್ಬಿಯಲ್ಲಿ ‘ಗ್ರೌಂಡ್ ಲಿಫ್ಟ್’ ಎಂಬ ಗುಂಡಿ ಇರುತ್ತದೆ, ಅದನ್ನು ಒತ್ತು. ನಿನ್ನ ಬಾಕ್ಸೂ ಮಿಕ್ಸರೂ ಒಂದೇ ಲೈನಿನಿಂದ ಕರೆಂಟು ತಗೊಳ್ಳಲಿ. ಮನೆಗಳಲ್ಲಿ ಹಾಕಿಸ್ತಾರಲ್ಲ, ಸೋರಿದ ಕೂಡಲೇ ಬೀಳುವ 30 ಮಿಲಿಆಂಪಿನ ಸ್ವಿಚ್ಚು, ಅಂಥದ್ದೊಂದನ್ನು ಎಲೆಕ್ಟ್ರಿಷಿಯನ್ ಹತ್ತಿರ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿಕೋ. ವೇದಿಕೆ ಹತ್ತಿದ ಮೇಲೆ ಮೀಟರಿನ ಒಂದು ಮುಳ್ಳನ್ನು ತಂತಿಗೆ, ಇನ್ನೊಂದನ್ನು ಮೈಕಿನ ಜಾಲರಿಗೆ ಇಟ್ಟು ನೋಡು. ಸೊನ್ನೆ ತೋರಿಸದಿದ್ದರೆ ನುಡಿಸಬೇಡ. ಕಮಿಟಿಯವರು ಕೂಗಾಡ್ತಾರೆ, ದುಡ್ಡು ಕೊಡಲ್ಲ ಅಂತಾರೆ. ಅನ್ನಲಿ ಬಿಡು. ಮೈಕಿಗೊಂದು ಸ್ಪಂಜಿನ ಟೋಪಿ, ಕಾಲಿಗೊಂದು ಜೊತೆ ರಬ್ಬರ್ ಚಪ್ಪಲಿ ಇರಲಿ. ಗಣೇಶ ಏನೂ ಅಂದುಕೊಳ್ಳಲ್ಲ.

ಇಷ್ಟಾದ ಮೇಲೂ ದುಡ್ಡು ಉಳಿದರೆ ಕೆಂಪು ಗಿಟಾರನ್ನೇ ತಗೋ ಮಹಾರಾಯ, ನಾನ್ಯಾಕೆ ಬೇಡ ಅನ್ನಲಿ? ನನ್ನದೂ ಕೆಂಪೇ.

ಮುಂದಿನ ವಾರ ಡ್ರಮ್ಮಿನವರ ಸರದಿ.