ಅಗ್ಗದ ಟೆಂಡರು, ದುಬಾರಿ ರಸ್ತೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎರೆಭೂಮಿಯು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದೆಂಬುದು ಸರ್ವವಿದಿತ. ಈ ನೆಲವನ್ನು ಮೆಟ್ಟಿ ನೋಡದೆ, ಗರಸು ಜಲ್ಲಿಗಳ ಸಾಗಾಟವನ್ನೂ ಮಳೆಯಲ್ಲಿ ಕೆಲಸ ನಿಲ್ಲುವ ದಿನಗಳನ್ನೂ ಲೆಕ್ಕಿಸದೆ ರಸ್ತೆಯ ಗುತ್ತಿಗೆಗೆ ದರ ಬರೆಯುವವನು ತನ್ನ ನಷ್ಟವನ್ನೇ ಬರೆದುಕೊಂಡಂತೆ. ಆ ನಷ್ಟವನ್ನು ಕಡೆಗೆ ಹೊರುವವರು, ಕಿತ್ತುಹೋದ ರಸ್ತೆಯಲ್ಲಿ ಸಾಗಬೇಕಾದ ಪ್ರಜೆಗಳು.

1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ಟೆಂಡರನ್ನು ಬಹಿರಂಗಗೊಳಿಸಿತು. ಅಧಿಕಾರಿಯ ತೀರ್ಮಾನದಿಂದ ಬಾಧಿತನಾದವನಿಗೆ 30 ದಿನಗಳೊಳಗೆ ಮೇಲ್ಮನವಿಯ ಹಕ್ಕನ್ನೂ ಕೊಟ್ಟಿತು. ಆದರೆ ತಪ್ಪು ಲೆಕ್ಕವನ್ನು ಯಾವ ಕಾನೂನೂ ತಿದ್ದಲಾರದು.

ಆದುದರಿಂದ ಗುತ್ತಿಗೆದಾರರು ಮೊದಲು ನೆಲವನ್ನು ನೋಡಲಿ, ಬಳಿಕ ದರ ಬರೆಯಲಿ. ಅಧಿಕಾರಿಗಳೂ ತೀರ ಕಡಿಮೆಯ ದರಕ್ಕೆ ವಿವರಣೆ ಕೇಳದೆ ಒಪ್ಪಿಗೆಯೀಯದಿರಲಿ ಎಂದು ನಾವು ಆಗ್ರಹಪಡಿಸುತ್ತೇವೆ.